ಅದು ಬೇರೆ, ಇದು ಬೇರೆ

ಶ್ರೀನಿವಾಸಪುರದ ಪತ್ರಬರಹಗಾರ ದೊಡ್ಡಮುನಿಯಪ್ಪನವರ ಎದುರು ಒಂದು ಪದದ ಬದಲು ಇನ್ನೊಂದು ಪದ ಆಡಿದವನ ಕಥೆ ಮುಗಿದಂತೆಯೇ. ಹೂ ಕಚ್ಚಿದ ಮಾವಿನ ಫಸಲನ್ನು ವ್ಯಾಪಾರಿಗೆ ಕೊಟ್ಟವರು ಈ ಕಡೆಯ ವಾಡಿಕೆಯಂತೆ ‘ತೋಟ ಮಾರಿದ್ವಿ’ ಅಂದರೆ ಸಾಕು, ಅವರ ಕನ್ನಡಕ ಹಣೆಗೇರುತ್ತದೆ: “ತೋಟಾನೋ, ಈ ವರ್ಷದ ಕಾಯೋ? ಅದು ಬೇರೆ, ಇದು ಬೇರೆ ಕಣಯ್ಯಾ!” ಬಾಡಿಗೆ ಮನೆ ಹುಡುಕಿಕೊಂಡು ಬಂದವರಿಗೆ ಬಾಡಿಗೆಗೂ ಭೋಗ್ಯಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳುವಷ್ಟರಲ್ಲಿ ಮನೆ ಇನ್ಯಾರದೋ ಪಾಲಾಗಿರುತ್ತದೆ. ಮದುವೆಮನೆಯ ಸಾಲಿನಲ್ಲಿ ನಿಂತರೂ ಪಾಠ ತಪ್ಪದು: “ಉಡುಗೊರೆ ತಗೊಂಡ್ರೆ ಸಂತೋಷಪಟ್ರೆ ಸಾಕು, ಮುಯ್ಯಿ ತಗೊಂಡ್ರೆ ತಿರುಗಿಸ್ಬೇಕು.” ಹೆಂಡತಿ ಶ್ಯಾಮಲಮ್ಮ ಸಾರು ಅಂದದ್ದನ್ನು ಹುಳಿ ಎಂದು ತಿದ್ದಲು ಹೋಗಿ, ಎಷ್ಟೋ ದಿನ ಬರೀ ಮಜ್ಜಿಗೆಯಲ್ಲಿ ಉಂಡೆದ್ದಿದ್ದಾರೆ. ಮೊನ್ನೆ, ಹಸುಗೂಸಾಗಿದ್ದಾಗ ತಂದು ಸಾಕಿದ ಪದ್ಮಶ್ರೀಯನ್ನು ನೋಡಲು ತಾಯಲೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಗಂಡಿನ ದೊಡ್ಡಮ್ಮ ಕಾಫಿ ಲೋಟ ಕೆಳಗಿಟ್ಟು, “ಹುಡುಗಿ ನಿಮ್ಮ ಸ್ವಂತ ಮಗಳಾ, ಸಾಕಿದ ಮಗಳಾ?” ಎಂದು ಕೇಳಿದರು. ಅಡುಗೆಮನೆಯ ಬಾಗಿಲಲ್ಲಿದ್ದ ಶ್ಯಾಮಲಮ್ಮ ಗಂಡನ ಕನ್ನಡಕದ ಮೇಲೇ ಕಣ್ಣಿಟ್ಟರು. ಗಂಡನ ನಾಲಿಗೆ ಅವರಿಗೆ ಗೊತ್ತಿಲ್ಲದ್ದೇ? ಕನ್ನಡಕ ಮಾತ್ರ ಹಣೆಗೇರಲಿಲ್ಲ. “ಎರಡೂ ಒಂದೇ ಅಲ್ವೇನಮ್ಮಾ,” ಎಂದರು ದೊಡ್ಡಮುನಿಯಪ್ಪ.