ಸಂಜೀವಯ್ಯನ ಪಿಕಪ್ಪಿನ ಅಡಿಬಣ್ಣ

ಶಿರಾದ ಹಳೆಯ ಸಂತೆಬೀದಿಯ ನಸ್ರುಲ್ಲಾ ಸಾಬರು ನಲವತ್ತೊಂದು ವರ್ಷ ವಾಹನಗಳಿಗೆ ಬಣ್ಣ ಹೊಡೆದವರು. ಮಧುಗಿರಿ, ಕೊರಟಗೆರೆ, ಪಾವಗಡದ ದಾರಿಗಳಲ್ಲಿ ಓಡಾಡುವ ಲಾರಿ, ಟೆಂಪೋ, ಟ್ರ್ಯಾಕ್ಟರುಗಳ ಪೈಕಿ ಅವರ ಕೈ ತಾಗದವು ಕಡಿಮೆ. ಡಬ್ಬಿಯ ಮೇಲಿನ ಚೀಟಿಯನ್ನು ಅವರು ಓದುತ್ತಿರಲಿಲ್ಲ. ಕಡ್ಡಿಯಿಂದ ಕಲಕಿ, ತುದಿಯಿಂದ ಇಳಿಯುವ ಹನಿಯನ್ನು ನೋಡಿ, ಇದಕ್ಕೆ ಇನ್ನೊಂದು ತೊಟ್ಟು ಕಪ್ಪು ಬೇಕು ಎನ್ನುತ್ತಿದ್ದರು. ಒಣಗಿದ ಮೇಲೆ ನೋಡಿದರೆ ಹಳೆಯ ಬಣ್ಣಕ್ಕೂ ಹೊಸ ತೇಪೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಅಂಥವರಿಗೆ ಎರಡು ಕಣ್ಣಿಗೂ ಪೊರೆ ಬಂದಿತು. ಅದು ಬಂದದ್ದು ಎಷ್ಟು ನಿಧಾನವಾಗಿ ಎಂದರೆ, ಯಾವ ವರ್ಷ ಬಂದಿತೆಂದು ಅವರಿಗೇ ತಿಳಿಯದು. ಎರಡು ವರ್ಷದ ಹಿಂದೆ ಕಂಪ್ರೆಸರನ್ನು ತಂಗಿಯ ಮಗ ಅಯಾಜನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತರು. ಈ ಸಲ ತುಮಕೂರಿನಲ್ಲಿ ಎಡಗಣ್ಣಿನ ಪೊರೆ ತೆಗೆಸಿದರು. ಬಲಗಣ್ಣಿನದು ಇನ್ನೊಂದು ತಿಂಗಳಾಗಲಿ ಎಂದು ವೈದ್ಯರು ಹೇಳಿದ್ದರು. ಮೂರು ವಾರದಿಂದ, ಮನೆಯ ಒಳಗೂ ಹೊರಗೂ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂರುವುದೇ ಅವರ ಕೆಲಸವಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ತಾವರೆಕೆರೆಯ ಸಂಜೀವಯ್ಯ ತನ್ನ ಕೆಂಪು ಪಿಕಪ್ಪನ್ನು ಆ ಜಗಲಿಯ ಮುಂದೆ ತಂದು ನಿಲ್ಲಿಸಿದನು. ಹದಿನಾಲ್ಕು ವರ್ಷದಿಂದ ಅವನು ಆ ಗಾಡಿಯಲ್ಲಿ ಸುತ್ತಲ ಹಳ್ಳಿಗಳ ಸೇವಂತಿಗೆ, ಕನಕಾಂಬರದ ಮೂಟೆಗಳನ್ನು ಹೂವಿನ ಮಾರುಕಟ್ಟೆಗೆ ಸಾಗಿಸುತ್ತಿದ್ದನು. ಮನೆ ನಡೆಯುತ್ತಿದ್ದುದು ಅದರಿಂದಲೇ. ಅಂದು ಅವನ ಮುಖ ಬಾಡಿತ್ತು. ಕುಳಿತು, ನೀರು ಕುಡಿದು, ಆದದ್ದನ್ನು ಹೇಳಿದನು.

ಹಳೆಯ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ಅದನ್ನು ಮಧುಗಿರಿಯ ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ಈ ಸಲ ನೋಡಿದರೆ ಚಾಸಿಯ ಮೇಲೆ ಕೊರೆದಿದ್ದ ಸಂಖ್ಯೆಯಲ್ಲಿ ಕೊನೆಯ ಎರಡು ಅಂಕಿಗಳನ್ನು ತುಕ್ಕು ತಿಂದುಹಾಕಿತ್ತು. ಎಂಜಿನ್ನನ್ನು ಹಿಂದಿನ ಮಾಲೀಕರ ಕಾಲದಲ್ಲಿಯೇ ಬದಲಾಯಿಸಲಾಗಿತ್ತು; ಅದರ ಸಂಖ್ಯೆಯಿಂದ ಪ್ರಯೋಜನವಿರಲಿಲ್ಲ. ಇನ್ನು ಉಳಿದದ್ದು ಬಣ್ಣ. ನೋಂದಣಿ ಪುಸ್ತಕದಲ್ಲಿ 'ನೀಲಿ' ಎಂದಿದೆ. ಕಣ್ಣೆದುರಿಗೆ ನಿಂತಿರುವ ಗಾಡಿ ಕುಂಕುಮದಂತೆ ಕೆಂಪು. ಹಿಂದಿನ ಸಲ ಅಂಕಿಗಳು ಕಾಣುತ್ತಿದ್ದುದರಿಂದ ಯಾರೂ ಬಣ್ಣದ ತಂಟೆಗೆ ಹೋಗಿರಲಿಲ್ಲ. ಇನ್‌ಸ್ಪೆಕ್ಟರ್ ಜಯಕುಮಾರ್ ಎಂಬವರು ಸಿಡುಕದೆ, ಕೂರಿಸಿಕೊಂಡು, ಈ ಗಾಡಿ ಈ ಪುಸ್ತಕದ್ದೇ ಎಂದು ನಾನು ಯಾವ ಆಧಾರದ ಮೇಲೆ ಬರೆಯಲಿ ಎಂದು ಕೇಳಿದ್ದರು. ಶುಕ್ರವಾರದವರೆಗೆ ಕಾಲಾವಕಾಶ ಕೊಟ್ಟಿದ್ದರು.

"ಕೆಳಗಿರೋ ಕಂಪನಿ ಬಣ್ಣ ನೀಲಿ ಅಂತ ತೋರ್ಸಿದ್ರೆ ಬುಟ್ಬುಡ್ತಾರಂತೆ ಸಾಬ್ರೆ. ಇಲ್ದಿದ್ರೆ ಗುಜರಿಗೆ" ಎಂದನು ಸಂಜೀವಯ್ಯ. "ನಾ ಪಾವಗಡದಾಗೆ ಇದ್ನ ತಗಂಡಾಗ ಕೆನೆ ಬಣ್ಣ ಇತ್ತು. ಅದ್ರ ಕೆಳಗೆ ಏನೈತೋ ನನಗೇನು ಗೊತ್ತು? ಮಾರಿದೋನ್ನ ಕೇಳಿದ್ರೆ, ತೆಲುಗಿನಾಗೆ ಏನೋ ಅಂದು ಫೋನ್ ಇಟ್ಟ."

"ಕೆಂಪು ಹೊಡೆದೋನು ನಾನೇ ಅಲ್ವಾ" ಎಂದರು ಸಾಬರು.

ಅದು ಒಂಬತ್ತು ವರ್ಷದ ಹಿಂದಿನ ಮಾತು. ಕೊರಟಗೆರೆಯ ದಾರಿಯಲ್ಲಿ ಪಿಕಪ್ಪು ಹುಣಸೆಮರಕ್ಕೆ ಗುದ್ದಿ, ಸಂಜೀವಯ್ಯ ಒಂದು ಗೀರೂ ಇಲ್ಲದೆ ಹೊರಗೆ ಬಂದಿದ್ದನು. ಅವನ ಹೆಂಡತಿ ಕೆಂಚಮ್ಮ ಗೊರವನಹಳ್ಳಿಯ ಲಕ್ಷ್ಮಿಗೆ ಹರಕೆ ಹೊತ್ತು, ಅಮ್ಮನ ಸೀರೆಯ ಬಣ್ಣವನ್ನೇ ಗಾಡಿಗೆ ಹೊಡೆಸಿದಳು. ಹಾಗೆ ಬಣ್ಣ ಬದಲಾಯಿಸಿದರೆ ಕಚೇರಿಗೆ ತಿಳಿಸಬೇಕೆಂಬುದು ಅವಳಿಗೂ ಹೊಳೆಯಲಿಲ್ಲ, ಹೊಡೆದವರಿಗೂ ಹೊಳೆಯಲಿಲ್ಲ. ದೇವರಿಗೆ ತಿಳಿಸಿದ ಮೇಲೆ ಇನ್ನಾರಿಗೆ ತಿಳಿಸುವುದು?

ನಸ್ರುಲ್ಲಾ ಸಾಬರು ಎದ್ದರು. ಉಜ್ಜುವ ಧೂಳು ಹೊಸ ಕಣ್ಣಿಗೆ ಬಿದ್ದರೆ ಆಗದೆಂದು ಅವರ ಹೆಂಡತಿ ಸಾಬೀರಾ ಮೊದಲು ಬೇಡವೆಂದರು. ಕೇಳುವುದಿಲ್ಲವೆಂದು ತಿಳಿದ ಮೇಲೆ ಒಂದು ಬಿಳಿಯ ಬಟ್ಟೆಯನ್ನು ತಂದು ಎಡಗಣ್ಣಿನ ಮೇಲೆ ಬಿಗಿಯಾಗಿ ಕಟ್ಟಿದರು. ಕಪ್ಪು ಕನ್ನಡಕವನ್ನು ತೆಗೆದಿರಿಸಿದರು.

ಹಳೆಯ ಬಣ್ಣವನ್ನು ಹುಡುಕುವುದಕ್ಕೆ ಸಾಬರಿಗೆ ಕೆಲಸ ಕಲಿಸಿದ ಉಸ್ತಾದರು 'ಕಿಟಕಿ ತೆರೆಯುವುದು' ಎನ್ನುತ್ತಿದ್ದರು. ನೀರಿನಲ್ಲಿ ನೆನೆಸಿದ ಉಜ್ಜುಕಾಗದವನ್ನು ಬೆರಳಿಗೆ ಸುತ್ತಿ, ರೂಪಾಯಿಯಗಲದ ಜಾಗವನ್ನು ಗುಂಡಗೆ ತಿಕ್ಕಬೇಕು. ಅವಸರ ಕೂಡದು. ಸರಿಯಾಗಿ ತಿಕ್ಕಿದರೆ ಮರದ ಕಾಂಡದ ಸುತ್ತುಗಳ ಹಾಗೆ ಒಂದೊಂದು ಬಣ್ಣವೂ ಒಂದೊಂದು ಬಳೆಯಾಗಿ ತೋರುತ್ತದೆ. ಹೊರಗಿನದು ಈಚಿನದು; ಒಳಗಿನದು ಹಳೆಯದು. ನಡುವಿನ ಬೂದು ಅಸ್ತರಿಗೆ, ಎಂದರೆ ತಗಡಿನ ಮೇಲಿನ ಮೊದಲ ಲೇಪಕ್ಕೆ, ಅಂಟಿಕೊಂಡಿರುವುದೇ ಕಾರ್ಖಾನೆಯ ಬಣ್ಣ. ಅದನ್ನು ಒಲೆಯಲ್ಲಿ ಬೇಯಿಸಿರುತ್ತಾರೆ. ತಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಶೆಡ್ಡಿನಲ್ಲಿ ಹೊಡೆದ ಬಣ್ಣ ಹತ್ತಿಗೆ ಬರುತ್ತದೆ. ಬೇಯಿಸಿದ ಬಣ್ಣ ಬರುವುದಿಲ್ಲ.

ಸಾಬರು ಎಡಬಾಗಿಲಿನ ಮೇಲೆ ಕಿಟಕಿ ತೆರೆದರು. ಕೆಂಪು ಬಳೆ ಬಂತು. ಅದರೊಳಗೆ ಬಿಳಿ ಬಂತು. ತಿನ್ನರಿನ ಹತ್ತಿ ತಿಕ್ಕಿದರೆ ಬಿಳಿ ಅಲುಗಲಿಲ್ಲ. ಸಂಜೀವಯ್ಯ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ಕುಳಿತನು.

"ಎದ್ದೇಳಯ್ಯ" ಎಂದು ಸಾಬರು ನಕ್ಕರು. "ಹುಣಸೆಮರಕ್ಕೆ ಗುದ್ದಿ ಬಾಗಿಲು ಮುದ್ದೆ ಮಾಡ್ಕೊಂಡು ಬಂದಿದ್ದೆ. ಈ ಬಾಗಿಲು ಗುಜರಿಯಿಂದ ತಂದು ಕೂರ್ಸಿದ್ದು. ಯಾವ ಆಂಬುಲೆನ್ಸಿಂದೋ ಏನೋ. ನನಗೇ ಮರ್ತೋಗಿತ್ತು."

ಸಂಜೀವಯ್ಯನಿಗೆ ಹೋದ ಜೀವ ಮರಳಿ ಬಂದಂತಾಯಿತು. ಇಬ್ಬರೂ ಸೇರಿ ಡ್ಯಾಶ್‌ಬೋರ್ಡಿನ ಖಾನೆಯನ್ನು ಕಳಚಿದರು. ಬಣ್ಣದ ಗನ್ನು ತಲುಪದ ಜಾಗವೆಂದರೆ ಅದರ ಹಿಂದಿನ ತಗಡು. ಅಲ್ಲಿ ಕೆಂಪೂ ಇರಲಿಲ್ಲ, ಕೆನೆ ಬಣ್ಣವೂ ಇರಲಿಲ್ಲ. ಮೂವತ್ತು ವರ್ಷದ ಧೂಳನ್ನು ಒರೆಸಿ, ತಿನ್ನರು ಹಚ್ಚಿದರು. ಹತ್ತಿ ಬೆಳ್ಳಗೇ ಉಳಿಯಿತು. ಕಂಪನಿಯ ಬಣ್ಣವೇ ಸರಿ. ಸಾಬರು ಬಗ್ಗಿ ನೋಡಿದರು. ಮತ್ತೆ ನೋಡಿದರು. ಹೊರಗೆ ಬಂದು ಕೈ ಒರೆಸಿಕೊಂಡರು.

"ಹಸಿರು ಕಣಪ್ಪ" ಎಂದರು.

"ನೀಲಿ ಅಲ್ವರಾ ಸಾಬ್ರೆ? ನನಗೆ ನೀಲಿ ಕಂಡಂಗಾಯ್ತು."

"ನಿನಗೆ ನೀಲಿ ಬೇಕು, ಅದಕ್ಕೇ ನೀಲಿ ಕಾಣ್ತದೆ. ಎಳೇ ಹಸಿರು ಅದು. ಇಲ್ಲದ್ದನ್ನ ಹೇಳಿದ್ರೆ ಆಫೀಸಿನಾಗೆ ನಿನ್ನ ಜೊತೆ ನಾನೂ ನಿಲ್ಲಬೇಕಾಗ್ತದೆ."

ಬಣ್ಣದ ವಿಷಯದಲ್ಲಿ ನಸ್ರುಲ್ಲಾ ಸಾಬರ ಮಾತಿಗೆ ಎದುರಾಡಿದವರನ್ನು ಸಂಜೀವಯ್ಯ ನೋಡಿರಲಿಲ್ಲ. ಬೇರೆ ದಾರಿ ಏನಾದರೂ ಇದೆಯೇ ಎಂದು ಕೇಳಿದನು. ಸಾಬರು, ಊಟ ಮಾಡಿಕೊಂಡು ಹೋಗು ಎಂದು ಅವನನ್ನು ಜಗಲಿಯಲ್ಲಿ ಕೂರಿಸಿ, ತಾವು ಒಳಗೆ ಹೋದರು. ಆ ಗಾಡಿ ಗುಜರಿಗೆ ಹೋಗುವುದು ತಮ್ಮ ಮಾತಿನಿಂದಲೇ ಎಂಬುದು ಅವರನ್ನು ಕೊರೆಯುತ್ತಿತ್ತು.

ಸಾಬೀರಾ ಅವರನ್ನು ಬೆತ್ತದ ಸ್ಟೂಲಿನ ಮೇಲೆ ಕೂರಿಸಿ ಕಣ್ಣಿನ ಬಟ್ಟೆಯನ್ನು ಬಿಚ್ಚಿದರು. ಕಪ್ಪು ಕನ್ನಡಕ ಇನ್ನೂ ಗೂಡಿನಲ್ಲಿಯೇ ಇತ್ತು. ಸಾಬರು ತಲೆಯೆತ್ತಿದಾಗ ಎದುರಿಗೆ ನಡುಮನೆಯ ಗೋಡೆ ಇತ್ತು. ಅದು ನೀಲಿಯಾಗಿತ್ತು.

"ಈ ಗೋಡೆಗೆ ಯಾವಾಗ ಬಣ್ಣ ಬಳಿಸ್ದೆ?" ಎಂದು ಕೇಳಿದರು.

ಸಾಬೀರಾಗೆ ನಗು ತಡೆಯಲಾಗಲಿಲ್ಲ. "ಐದು ವರ್ಷ ಆಯ್ತು, ನೀವೇ ಕಲಸಿ ನೀವೇ ಬಳ್ದಿದ್ದು. ಹಸಿರು ಬೇಕು ಅಂದೆ. ಬಳಿದಾದ ಮೇಲೆ ಇದು ನೀಲಿ ಆಗಿದೆಯಲ್ಲಾ ಅಂದ್ರೆ, ಪೇಂಟರ್ ನೀನೋ ನಾನೋ ಅಂತ ಬಾಯಿ ಮುಚ್ಚಿಸಿದ್ರಿ. ಬಂದವರೆಲ್ಲಾ ನೀಲಿ ಚೆನ್ನಾಗಿದೆ ಅಂದ್ರು. ನಾನು ಹೂಂ ಅಂದ್ಕೊಂಡು ಸುಮ್ಮನಾದೆ."

ಸಾಬರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಗೋಡೆ ಹಸಿರಾಯಿತು. ಬಲಗಣ್ಣನ್ನು ಮುಚ್ಚಿದರು. ಗೋಡೆ ನೀಲಿಯಾಯಿತು. ನಾಲ್ಕೈದು ಸಲ ಹಾಗೆಯೇ ಮಾಡಿದರು. ಪೊರೆ ಹಳೆಯ ಗಾಜಿನಂತೆ ಹಳದಿ ತಿರುಗಿ, ಅದರ ಮೂಲಕ ಬಂದ ತಿಳಿನೀಲಿಯನ್ನೆಲ್ಲ ವರ್ಷಗಟ್ಟಲೆ ಹಸಿರು ಮಾಡುತ್ತ ಬಂದಿತ್ತು. ಹೊಸ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಅದೇ ಹಳೆಯ ಕಣ್ಣಿನಿಂದ ಅವರು ಪಿಕಪ್ಪಿಗೆ ತೀರ್ಪು ಕೊಟ್ಟಿದ್ದರು.

ಹೊರಗೆ ಓಡಿ ಹೋಗಿ ನೀಲಿ ಎಂದು ಕೂಗಬಹುದಾಗಿತ್ತು. ಆದರೆ ಸಾಬರಿಗೆ ಇನ್ನೊಂದು ಅಳುಕು ಬಂದಿತು. ಸಂಜೀವಯ್ಯನಿಗೆ ನೀಲಿ ಬೇಕಾಗಿತ್ತು. ಈಗ ತಮಗೂ ಬೇಕಾಗಿದೆ. ಬೇಕಾದದ್ದೇ ಕಾಣುತ್ತಿದೆಯೇನೋ? ಇದಕ್ಕೆ ಉಸ್ತಾದರು ಕಲಿಸಿದ ಒಂದು ಉಪಾಯವಿತ್ತು: ಬಣ್ಣದ ಹೆಸರೇನೆಂದು ಕಣ್ಣನ್ನು ಕೇಳಬೇಡ, ಜೋಡಿ ಹೊಂದುತ್ತದೆಯೇ ಎಂದು ಕೇಳು. ಸಾಬೀರಾ ಬಟ್ಟೆಗೆ ಹಾಕುವ ನೀಲಿಯ ಪುಡಿಯನ್ನು ಸಾಬರು ತರಿಸಿದರು. ಅದು ನೀಲಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಡಬ್ಬಿಯ ಮುಚ್ಚಳದಲ್ಲಿ ಬಿಳಿಯ ಬಣ್ಣ ಹಾಕಿ, ಅದಕ್ಕೆ ಚೂರು ಚೂರೇ ನೀಲಿಯನ್ನು ಬೆರೆಸಿ, ಒಂದು ತಗಡಿನ ತುಂಡಿಗೆ ಬಳಿದು ಒಣಗಿಸಿದರು. ಮೂರನೆಯ ತುಂಡು ಹೊಂದುವಂತೆ ಕಂಡಿತು. ಅದನ್ನು ಪಿಕಪ್ಪಿನ ಒಳತಗಡಿಗೆ ಒತ್ತಿ ಹಿಡಿದರು. ಎಡಗಣ್ಣಿನಿಂದ ನೋಡಿದರೆ ಎರಡೂ ನೀಲಿ. ಬಲಗಣ್ಣಿನಿಂದ ನೋಡಿದರೆ ಎರಡೂ ಹಸಿರು. ಎರಡೂ ಕಣ್ಣಿಗೆ ಅವುಗಳ ನಡುವೆ ಗೆರೆ ಕಾಣಲಿಲ್ಲ.

"ಸಂಜೀವಯ್ಯ" ಎಂದು ಮೆಲ್ಲಗೆ ಕರೆದರು. "ನಿನ್ನ ಗಾಡಿ ನೀಲಿ ಕಣಯ್ಯ. ತಪ್ಪು ನಂದು."

ಸಂಜೀವಯ್ಯ ಹೆಗಲ ಮೇಲಿನ ವಲ್ಲಿಯಿಂದ ಮುಖವನ್ನು ಒರೆಸಿಕೊಂಡನು. ಅನಂತರ, ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲವೆಂಬುದು ನೆನಪಾದವನಂತೆ, ಅಮ್ಮಾ ಅನ್ನ ಇದ್ರೆ ಇಕ್ಕಿ ಎಂದು ಒಳಗೆ ಕೂಗಿದನು.

ಶುಕ್ರವಾರ ಸಾಬರು, ಸಂಜೀವಯ್ಯ, ಕೆಂಚಮ್ಮ ಮೂವರೂ ಮಧುಗಿರಿಗೆ ಹೋದರು. ಕೆಂಚಮ್ಮನ ಚಿಂತೆಯೇ ಬೇರೆ. ನೀಲಿ ಎಂದು ಸಾಬೀತಾದ ಮೇಲೆ ಗಾಡಿಗೆ ಮತ್ತೆ ನೀಲಿ ಬಳಿಯಿರಿ ಎಂದುಬಿಟ್ಟರೆ ಹರಕೆಯ ಗತಿಯೇನು ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳು. ಬೆಟ್ಟದ ನೆರಳು ಸರಿಯುವ ಹೊತ್ತಿಗೆ ಜಯಕುಮಾರ್ ಹೊರಗೆ ಬಂದರು. ಖಾನೆಯ ಹಿಂದಿನ ತಗಡನ್ನು ನೋಡಿದರು. ಅದೂ ಗುಜರಿಯಿಂದ ಬಂದಿರಬಹುದಲ್ಲ ಎಂದು ಅನುಮಾನಿಸಿ, ಕ್ಯಾಬಿನ್ನಿನ ನೆತ್ತಿಯ ಮೇಲೆ, ತಾವೇ ಬೆರಳಿಟ್ಟು ತೋರಿಸಿದ ಜಾಗದಲ್ಲಿ, ತಮ್ಮ ಕಣ್ಣೆದುರಿಗೇ ಕಿಟಕಿ ತೆರೆಯಬೇಕೆಂದರು.

ಸಾಬರು ಸ್ಟೂಲಿನ ಮೇಲೆ ಹತ್ತಿದರು. ಈ ಸಲ ಎಡಗಣ್ಣಿಗೆ ಬಟ್ಟೆಯಿರಲಿಲ್ಲ. ಧೂಳು ತಾಗದ ಬಿಳಿಗಾಜಿನ ಕನ್ನಡಕವನ್ನು ಅಯಾಜನಿಂದ ಎರವಲು ತಂದಿದ್ದರು. ಕೆಂಪು ಬಳೆ ಬಂತು. ಕೆನೆಯ ಬಳೆ ಬಂತು. ಅದರೊಳಗೆ ನೀಲಿ ಬಂತು. ತಿನ್ನರಿನ ಹತ್ತಿಗೆ ಕೆಂಪು ಬಂದಿತು, ಕೆನೆ ಬಂದಿತು, ನೀಲಿ ಬರಲಿಲ್ಲ.

"ನೀವು ಯಾವ ಬಣ್ಣ ಅಂತೀರಿ?" ಎಂದು ಜಯಕುಮಾರ್ ಕೇಳಿದರು.

"ನೀಲಿ ಸ್ವಾಮಿ. ಆದರೆ ಸೋಮವಾರ ನಾನೇ ಹಸಿರು ಅಂದಿದ್ದೆ. ಅದನ್ನೂ ನೀವು ಕೇಳಿಸ್ಕೊಬೇಕು" ಎಂದು ಸಾಬರು ಕಣ್ಣಿನ ಕಥೆಯನ್ನೂ ಗೋಡೆಯ ಕಥೆಯನ್ನೂ ಒಂದೂ ಬಿಡದೆ ಹೇಳಿದರು.

ಜಯಕುಮಾರ್ ಪೂರ್ತಿ ಕೇಳಿದರು. ಕೊನೆಗೆ, ಮನೆಯವರ ಮಾತಿಗೆ ಐದು ವರ್ಷದ ಮೇಲೆ ಒಪ್ಪಿಗೆ ಕೊಟ್ಟಿರಿ ಅನ್ನಿ ಎಂದು ನಕ್ಕು, ಇಂಥ ಸಾಕ್ಷಿ ತಮಗೆ ಸಾಕೆಂದರು. ಬಣ್ಣ ಬದಲಾಯಿಸಿದ್ದಕ್ಕೆ ಒಂದು ಅರ್ಜಿ ಕೊಟ್ಟರೆ ಕೆಂಪು ಕೆಂಪಾಗಿಯೇ ಇರಬಹುದೆಂದರು. ಕೆಂಚಮ್ಮ ಅಲ್ಲಿಯೇ, ಗೊರವನಹಳ್ಳಿಯ ದಿಕ್ಕಿಗೆ ತಿರುಗಿ ಕೈಮುಗಿದಳು. ಸಾಕ್ಷಿಯ ಕಾಗದದಲ್ಲಿ ಹೆಸರಿನ ಕೆಳಗೆ ಉದ್ಯೋಗವೆಂಬ ಗೆರೆ ಇತ್ತು. ನಸ್ರುಲ್ಲಾ ಸಾಬರು ಲೇಖನಿ ಹಿಡಿದು 'ಪೇಂಟರ್' ಎಂದು ದುಂಡಗೆ ಬರೆದರು.

ಹೊರಗೆ ಬಂದ ಮೇಲೆ ಸಂಜೀವಯ್ಯ ನೆತ್ತಿಯ ಮೇಲಿನ ಕಿಟಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದನು. ಇದಕ್ಕೆ ಕೆಂಪು ಬಳಿದುಬಿಡೋಣವೇ ಎಂದು ಕೇಳಿದನು. ಸಾಬರು ಬೇಡವೆಂದರು. ಇನ್ನೈದು ವರ್ಷಕ್ಕೆ ಇನ್ನೊಬ್ಬ ಇನ್‌ಸ್ಪೆಕ್ಟರು ಬಂದು ಕೇಳಿದರೆ ಉಜ್ಜುವ ಕಷ್ಟ ತಪ್ಪಲಿ ಎಂದು, ಚೀಲದಿಂದ ವಾರ್ನಿಷಿನ ಸೀಸೆ ತೆಗೆದು, ತುಕ್ಕು ಹಿಡಿಯದಂತೆ ಆ ಬಳೆಗಳ ಮೇಲೆ ತೆಳ್ಳಗೆ ಸವರಿದರು.

"ಒಣಗಕ್ಕೆ ಒಂದು ಗಂಟೆ ಬೇಕು. ಅಲ್ಲೀವರೆಗೂ ಮುಟ್ಟಬೇಡ" ಎಂದರು.

"ಎಲ್ಡು ಗಂಟೆ ಆಗ್ಲಿ ಬುಡಿ ಸಾಬ್ರೆ" ಎಂದನು ಸಂಜೀವಯ್ಯ. "ಇವತ್ತು ಹೂವಿನ ಲೋಡಿಲ್ಲ."

ಮೂವರೂ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಗಾಡಿಯ ಕಡೆಗೆ ಮುಖ ಮಾಡಿಕೊಂಡು, ಟೀ ಹೇಳಿದರು.