ಕೈಚಳಕಕ್ಕೆ ಐದೇ ಐದು

ಮೂವತ್ತೊಂದು ವರ್ಷ ಕೈಗಡಿಯಾರಗಳ ಹೊಟ್ಟೆ ಬಿಚ್ಚಿ ಮತ್ತೆ ಜೋಡಿಸಿದವಳನ್ನು ಬೀದಿಯವರೆಲ್ಲ ವಾಚಕ್ಕ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಎದುರು, ಎರಡು ದೊಡ್ಡ ಅಂಗಡಿಗಳ ನಡುವೆ ಒತ್ತಿಕೊಂಡಿದ್ದ ಸಣ್ಣ ಮಳಿಗೆ ಅವಳದು. ಸಾಸಿವೆಗಿಂತ ಚಿಕ್ಕ ತಿರುಪನ್ನು ಚಿಮುಟದಲ್ಲಿ ಎತ್ತಿ ಒಂದೇ ಸಲಕ್ಕೆ ಕೂರಿಸುತ್ತಿದ್ದ ಅವಳ ಬಲಗೈ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನೇ ಹಿಡಿಯಲಾರದೆ ಕೆಳಗೆ ಬಿಟ್ಟಿತು. ಪಾರ್ಶ್ವವಾಯು ಎಂದರು ಡಾಕ್ಟರು. ಮಾತು ವಾರದಲ್ಲಿ ಮರಳಿತು, ಕಾಲು ಎರಡು ತಿಂಗಳಲ್ಲಿ. ಕೈ ಮಾತ್ರ ಮರಳಲಿಲ್ಲ. ನೋಡಲು ಬಂದವರಿಗೆಲ್ಲ ಅವಳು ನಗುತ್ತಲೇ ಹೇಳುತ್ತಿದ್ದಳು, "ಕೈಯೇ ಕೈ ಕೊಟ್ಮೇಲೆ ಯಾರನ್ನ ಬಯ್ಯೋಣ?"

ಅವಳಿದ್ದದ್ದು ತಮ್ಮನ ಮನೆಯಲ್ಲಿ. ತಮ್ಮ ವೆಲ್ಡಿಂಗ್ ಕೆಲಸದವನು, ಮಾತು ಕಡಿಮೆ. ಪಕ್ಕದ ಅಂಗಡಿಯವನು ಮಳಿಗೆಯನ್ನು ತನಗೆ ಬಿಟ್ಟುಕೊಡಿ ಎಂದು ಕೇಳಿದಾಗ ಅವನು ಅಕ್ಕನ ಮುಖ ನೋಡಿದ. "ಯೋಚನೆ ಮಾಡು ಅಕ್ಕಾ. ಅವಸರವೇನಿಲ್ಲ," ಎಂದ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ತಮ್ಮನ ಮಗಳು ನಕ್ಷೆ ಬಿಡಿಸುವ ಕಚೇರಿಯಲ್ಲಿದ್ದಳು. ಭಾನುವಾರ ಮಧ್ಯಾಹ್ನ ಅವಳ ಗೆಳೆಯರಿಬ್ಬರು ಬರುತ್ತಿದ್ದರು: ಬಸ್ ಓಡಿಸುವವನೊಬ್ಬ, ಔಷಧಿ ಅಂಗಡಿಯವಳೊಬ್ಬಳು. ಊಟದ ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ ಆಡುತ್ತಿದ್ದರು. ಕಥೆ ನಡೆಸುವವಳು ಈ ಸೋದರಸೊಸೆ. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಇಳಿಯುತ್ತಿದ್ದರು. ಅದೃಷ್ಟ ತೀರ್ಮಾನಿಸುವುದು ದಾಳ.

"ಅತ್ತೇ, ಒಬ್ರು ಕಡಿಮೆ ಇದ್ದೀವಿ, ಬನ್ನಿ," ಎಂದಳು ಸೊಸೆ ಒಂದು ಭಾನುವಾರ.

"ನಂಗ್ಯಾಕೆ ಈ ಮಕ್ಕಳಾಟ?" ಎನ್ನುತ್ತಲೇ ವಾಚಕ್ಕ ಕುರ್ಚಿ ಎಳೆದುಕೊಂಡಳು.

ಮೊದಲು ಪಾತ್ರ ಹುಟ್ಟಬೇಕು. ನಾಲ್ಕು ದಾಳ ಎಸೆದು, ಕಡಿಮೆ ಬಿದ್ದದ್ದೊಂದನ್ನು ಬಿಟ್ಟು, ಉಳಿದ ಮೂರನ್ನು ಕೂಡಿಸಬೇಕು. ಹೀಗೆ ಆರು ಸಲ. ಬಂದ ಆರು ಅಂಕಗಳನ್ನು ಬಲ, ಕೈಚಳಕ, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಇಷ್ಟಬಂದಂತೆ ಹಂಚಬಹುದು.

ವಾಚಕ್ಕ ಬಲಗೈ ಮುಂದೆ ಚಾಚಿದಳು. ಬೆರಳುಗಳು ದಾಳದ ಸುತ್ತ ಮುಚ್ಚಿಕೊಳ್ಳಲು ಒಪ್ಪಲಿಲ್ಲ. ಒಂದು ಜಾರಿ ಮೇಜಿನ ಕೆಳಗೆ ಉರುಳಿತು.

"ಎಡಗೈಲಿ ಹಾಕಿ ಅತ್ತೆ. ಇಲ್ಲಾಂದ್ರೆ ನಾನೇ ಹಾಕ್ತೀನಿ."

"ಸುಮ್ನೆ ಕೂತ್ಕೊಳೇ. ನನ್ನ ಪಾತ್ರ, ನನ್ನ ಕೈ."

ಆರು ಸುತ್ತು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸಿನವನು ನೆಲದ ಮೇಲೆ ಮಂಡಿಯೂರಿ ಹನ್ನೊಂದು ಸಲ ದಾಳ ಹೆಕ್ಕಿಕೊಟ್ಟ. ಹದಿನಾರು, ಹದಿನಾಲ್ಕು, ಹನ್ನೆರಡು, ಹನ್ನೊಂದು, ಒಂಬತ್ತು ಬಂದವು. ಕೊನೆಯ ಸುತ್ತಿನಲ್ಲಿ ಎರಡು ದಾಳದಲ್ಲಿ ಎರಡು, ಇನ್ನೆರಡರಲ್ಲಿ ಒಂದು. ಕೂಡಿದರೆ ಐದು.

"ಅಯ್ಯೋ, ಐದು ಲೆಕ್ಕಕ್ಕೆ ಬೇಡ, ಇನ್ನೊಂದ್ಸಲ ಹಾಕಿ," ಎಂದಳು ಔಷಧಿ ಅಂಗಡಿಯವಳು.

"ಬಿದ್ದಿದ್ದು ಬಿದ್ದಾಯ್ತು. ಬರ್ಕೊ. ಕೈಚಳಕಕ್ಕೆ ಐದು."

ಸೊಸೆಯ ಪೆನ್ಸಿಲ್ ನಿಂತಿತು. ವಾಚಕ್ಕ ಹದಿನಾರನ್ನು ಬುದ್ಧಿಗೆ, ಹದಿನಾಲ್ಕನ್ನು ತಾಳಿಕೆಗೆ ಕೊಟ್ಟಳು. ಉಳಿದವು ಹೇಗೋ ಹಂಚಿಹೋದವು.

"ಪಾತ್ರದ ಕಸುಬು?"

"ಬೀಗ ತೆಗೆಯೋಳು."

ಬಸ್ಸಿನವನು ಪಕ್ಕನೆ ನಕ್ಕ. "ವಾಚಕ್ಕಾ, ಬೀಗ ತೆಗೆಯೋಕೆ ಬೇಕಾಗಿರೋದೇ ಕೈಚಳಕ! ಐದಿಟ್ಕೊಂಡು ಏನು ಮಾಡ್ತೀರಾ?"

"ಅದನ್ನೇ ನೋಡ್ಬೇಕು," ಎಂದಳು ವಾಚಕ್ಕ. ಅವಳ ಮುಖದಲ್ಲಿ ನಗುವಿರಲಿಲ್ಲ. "ಇರೋ ಕೈಲಿ ಎಷ್ಟು ದೂರ ಹೋಗ್ಬಹುದು ಅಂತ."

ಆಟ ಶುರುವಾಗಿ ಅರ್ಧ ಗಂಟೆಗೆ ನೆಲಮಾಳಿಗೆಯ ಕಬ್ಬಿಣದ ಬಾಗಿಲು ಎದುರಾಯಿತು. ವಾಚಕ್ಕ ಇಪ್ಪತ್ತು ಮುಖದ ದಾಳ ಎಸೆದಳು. ಹನ್ನೊಂದು. ಐದರ ಕೈಗೆ ಅದರಲ್ಲಿ ಮೂರು ಕಡಿತ, ಉಳಿದ ಎಂಟು ಸಾಲಲಿಲ್ಲ. ಬೀಗ ಜಪ್ಪಯ್ಯ ಎನ್ನಲಿಲ್ಲ.

"ಬಾಗಿಲು ಯಾವ ಕಡೆಗೆ ತೆಗೆಯುತ್ತೆ?" ಎಂದು ಕೇಳಿದಳು.

ಸೊಸೆ ತಾನೇ ಬಿಡಿಸಿದ ನಕ್ಷೆ ನೋಡಿಕೊಂಡಳು. "ನಿಮ್ಮ ಕಡೆಗೆ."

"ಹಾಗಾದ್ರೆ ಕೀಲು ನಮ್ಮ ಕಡೆನೇ ಇರುತ್ತೆ. ಬೀಗದ ಗೊಡವೆ ಯಾಕೆ? ಕೀಲಿನ ಮೊಳೆ ಎಲ್ಲಿ ತುಕ್ಕು ಹಿಡಿದಿದೆ ಅಂತ ನಾನು ತೋರಿಸ್ತೀನಿ. ಗಟ್ಟಿಮುಟ್ಟಾಗಿರೋ ಈ ಬಸ್ಸಿನೋನು ಸುತ್ತಿಗೇಲಿ ಹೊಡೀಲಿ."

ಬಸ್ಸಿನವನು ಹೊಡೆದ, ದಾಳವೂ ಒಪ್ಪಿತು, ಬಾಗಿಲು ಬೀಗದ ಸಮೇತ ಕಳಚಿ ಬಿತ್ತು. ಎರಡು ವಾರ ತಲೆ ಕೆಡಿಸಿಕೊಂಡು ಕಟ್ಟಿದ್ದ ಬೀಗದ ಒಗಟು ವ್ಯರ್ಥವಾಯಿತೆಂದು ಸೊಸೆ ಹಣೆ ಚಚ್ಚಿಕೊಂಡಳು. ವಾಚಕ್ಕ ನಾಲ್ಕು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸೋಮವಾರ ಬೆಳಿಗ್ಗೆ ಅವಳು ತಮ್ಮನ ಮುಂದೆ ನಿಂತಳು. "ಮಳಿಗೆ ಬೀಗದಕೈ ಕೊಡು. ಪಕ್ಕದೋನಿಗೆ ಇಲ್ಲ ಅಂತ ಹೇಳ್ಬಿಡು."

"ಏನು ಮಾಡ್ತೀಯಾ ಅಕ್ಕಾ ಅಲ್ಲಿ?"

"ಕೈಗಡಿಯಾರ ಇನ್ನು ಆಗಲ್ಲ. ಗೋಡೆ ಗಡಿಯಾರ ಯಾಕಾಗಬಾರದು? ಹಿಡಿದುಕೊಳ್ಳೋ ಕೆಲಸ ಬಲಗೈ ಬದಲು ನಿನ್ನ ಕಬ್ಬಿಣ ಮಾಡ್ಲಿ. ನನಗೊಂದು ಇಕ್ಕಳ ಮಾಡಿಕೊಡು, ಮೇಜಿಗೆ ಕಚ್ಚಿಕೊಳ್ಳೋ ಹಾಗೆ. ಎಲ್ಲಾ ಕಡೆ ತಿರುಗ್ಬೇಕು."

ತಮ್ಮ ಮೂರು ಇಕ್ಕಳ ಮಾಡಿದ. ಮೊದಲೆರಡನ್ನು ಅವಳು ವಾಪಸು ಕಳಿಸಿದಳು.

ಮೊದಲ ಕೆಲಸ ಔಷಧಿ ಅಂಗಡಿಯ, ಕೀಲಿ ಕೊಡುವ ಹಳೇ ಗೋಡೆ ಗಡಿಯಾರ. ಹಿಂದೆ ಆಗಿದ್ದರೆ ಊಟಕ್ಕೆ ಮುಂಚೆ ಮುಗಿಯುತ್ತಿದ್ದ ಕೆಲಸ. ಎಡಗೈಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನು ಹೊಸದಾಗಿ ಕಲಿಸಬೇಕಿತ್ತು. ಮೂರನೆಯ ದಿನ ಸ್ಪ್ರಿಂಗ್ ಸಿಡಿದು ಚಕ್ರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವಳು ಮಳಿಗೆಯ ಬಾಗಿಲು ಎಳೆದುಕೊಂಡು ಒಬ್ಬಳೇ ಅತ್ತಳು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, ಅಯಸ್ಕಾಂತ ಹಿಡಿದು ನೆಲವೆಲ್ಲ ತಡವಿ, ಹಿತ್ತಾಳೆಯವನ್ನು ಕೈಯಿಂದಲೇ ಹೆಕ್ಕಿ, ಎಲ್ಲವನ್ನೂ ತಟ್ಟೆಯಲ್ಲಿ ಎಣಿಸಿಟ್ಟಳು. ಒಂದೂ ತಪ್ಪಿರಲಿಲ್ಲ. ಆರನೆಯ ದಿನ ಗಡಿಯಾರ ನಡೆಯಿತು.

ಬಲಗೈ ಪೂರ್ತಿ ಸರಿಹೋಗಲೇ ಇಲ್ಲ. ಈಗ ಅದು ದೀಪದ ಗುಂಡಿ ಒತ್ತುತ್ತದೆ, ಬಟ್ಟೆ ಹಿಡಿದು ಗಾಜು ಒರೆಸುತ್ತದೆ, ಅಷ್ಟೇ. ವಾರಕ್ಕೆ ಎರಡು ಗೋಡೆ ಗಡಿಯಾರ, ಪುಣ್ಯವಿದ್ದರೆ ಮೂರು. ಮೊನ್ನೆ ಒಬ್ಬ ಗಿರಾಕಿ ಕೌಂಟರಿನ ಮೇಲೆ ಬೆರಳು ಕುಟ್ಟುತ್ತ ಕೇಳಿದ, "ನಾಳೆ ಸಿಗುತ್ತೇನ್ರೀ?"

"ಶುಕ್ರವಾರ," ಎಂದಳು ವಾಚಕ್ಕ, ಇಕ್ಕಳದ ತಿರುಪು ಬಿಗಿ ಮಾಡುತ್ತ.