ಕಟ್ಟುವವನಲ್ಲ, ಬರೆಯುವವನು ಮಾತ್ರ

ಟೆನಿಸ್ ಟೂರ್ನಿಯಲ್ಲಿ ಯಾರ ಎದುರು ಯಾರು ಎಂಬ ಡ್ರಾ ಹೊರಬಿದ್ದ ದಿನ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಹಗಲಿಗೆ ನಾನು ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಕಡತ ಜೋಡಿಸುವ ಗುಮಾಸ್ತ. ಉಳಿದ ಹೊತ್ತಿನಲ್ಲಿ, ಯುರೋಪಿನ ಯಾವುದೋ ಮೂಲೆಯ ಬೆಟ್ಟಿಂಗ್ ವೆಬ್‌ಸೈಟಿಗೆ ಇಂಗ್ಲಿಷಿನಲ್ಲಿ ಬರೆಯುವವನು. ಯಾರು ಗೆಲ್ಲಬಹುದು, ಯಾರ ಮೇಲೆ ಹಣ ಕಟ್ಟಿದರೆ ಲಾಭ, ಯಾರ ಹೆಸರು ದೊಡ್ಡದಾದರೂ ಮೂರನೇ ಸೆಟ್ಟಿಗೆ ಉಸಿರು ಸಾಲದು, ಹೀಗೆ ಐದು ಜನರ ಜಾತಕ ಬರೆದು ಕಳಿಸಬೇಕು. ಕೆಳಗೆ ನನ್ನ ಹೆಸರಿರುವುದಿಲ್ಲ. ಈ ದೇಶದಲ್ಲಿ ಜೂಜು ಅಪರಾಧ. ಸಿಕ್ಕಿಬಿದ್ದರೆ ವೀಸಾ ಖಲಾಸ್. ಆದರೆ ನಾನು ಇವತ್ತಿನವರೆಗೆ ಒಂದು ರಿಯಾಲನ್ನೂ ಕಟ್ಟಿದವನಲ್ಲ. ಬರೆಯುವವನು ಮಾತ್ರ. ಹೆಂಡತಿಗೆ ‘ಸ್ಪೋರ್ಟ್ಸ್ ಲೇಖನ’ ಎಂದು ಹೇಳಿದ್ದೆ. ಅದು ಸುಳ್ಳೂ ಅಲ್ಲವಲ್ಲ.

ಈ ವಿದ್ಯೆ ನನಗೆ ಅಪ್ಪನಿಂದ ಬಂದದ್ದು. ಉಡುಪಿಯ ಕಡೆಯ ಕೋಳಿ ಕಾಳಗದ ಅಂಕಗಳಲ್ಲಿ ಅಪ್ಪನನ್ನು ಕೇಳದೆ ಯಾರೂ ಬಾಜಿ ಕಟ್ಟುತ್ತಿರಲಿಲ್ಲ. “ಜುಟ್ಟು ನೋಡಬೇಡ ಮಗ, ಕಾಲು ನೋಡು” ಎನ್ನುತ್ತಿದ್ದರು. ನಾನು ಆಟಗಾರರನ್ನು ನೋಡುವುದೂ ಹಾಗೆಯೇ. ಸರ್ವಿಸ್ ನೋಡಿ ಎಲ್ಲರೂ ಬಾಯಿ ಬಿಟ್ಟು ಕೂತಿರುವಾಗ, ಚೆಂಡು ಹೊಡೆದ ಮೇಲೆ ಅವನು ಯಾವ ಕಾಲೂರಿ ಹಿಂದೆ ಬರುತ್ತಾನೆ ಎಂದು ನಾನು ನೋಡುತ್ತೇನೆ. ದೋಹಾದಲ್ಲಂತೂ ಸಂಜೆ ಗಾಳಿ ಬೀಸತೊಡಗಿದರೆ ಅರ್ಧ ಜನರ ಕಾಲು ತಡವರಿಸುತ್ತದೆ.

ಬಿನ್ ಮಹಮೂದ್ ಬಡಾವಣೆಯ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮೂವರಿದ್ದೆವು. ನಾನು, ಹೆಂಡತಿ, ಅವಳ ತಮ್ಮ. ಈ ನನ್ನ ಭಾವಮೈದ ಊರಿನಲ್ಲಿ ಕ್ರಿಕೆಟ್ ಬೆಟ್ಟಿಂಗಿನ ಹುಚ್ಚು ಹತ್ತಿಸಿಕೊಂಡು ಬೈಕು, ಅಂಗಡಿ, ಕೊನೆಗೆ ನಿಶ್ಚಯವಾದ ಮದುವೆಯನ್ನೂ ಕಳೆದುಕೊಂಡವನು. ನನ್ನ ಹೆಂಡತಿ ಊರಿಗೆ ಹೋಗಿ, ಅವನನ್ನು ಮನೆಯ ದೈವದ ಮುಂದೆ ನಿಲ್ಲಿಸಿ, ಕಾಯಿ ಮುಟ್ಟಿಸಿ ಆಣೆ ಹಾಕಿಸಿದ ಮೇಲೆಯೇ ಇಲ್ಲಿಗೆ ಕರೆತಂದದ್ದು. “ಇನ್ನು ನನ್ನ ಕೈಯಾರೆ ಬಾಜಿ ಕಟ್ಟುವುದಿಲ್ಲ” ಎಂದು ಅವನು ಹೇಳಿದ್ದನ್ನು ನಾನೂ ಫೋನಿನಲ್ಲಿ ಕೇಳಿದ್ದೆ. ಬಿನ್ ಒಮ್ರಾನಿನ ಒಂದು ಎ.ಸಿ. ರಿಪೇರಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷ ತಲೆ ತಗ್ಗಿಸಿ ದುಡಿದ. ಊರಲ್ಲಿ ಮತ್ತೆ ಹೆಣ್ಣು ನೋಡಲು ಶುರುಮಾಡಿದ್ದರು. ‘ಹುಡುಗ ಸುಧಾರಿಸಿದ್ದಾನೆ’ ಎಂದು ನನ್ನ ಹೆಂಡತಿ ಹೆಣ್ಣಿನ ಮನೆಯವರಿಗೆ ಮಾತು ಕೊಟ್ಟಿದ್ದಳು. ಅವಳ ಮರ್ಯಾದೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಫೆಬ್ರವರಿಯ ಒಂದು ಶುಕ್ರವಾರ ಸೂಕ್ ವಾಕಿಫ್ ಪೇಟೆಯಲ್ಲಿ ಕರಕ್ ಚಹಾ ಕುಡಿಯುತ್ತಿದ್ದಾಗ ಅವನು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ.

“ಭಾವ, ನಿಮಗೆ ಟೆನಿಸ್ ಇಷ್ಟ ಅಲ್ವಾ? ಇದನ್ನು ಓದಿ ಒಮ್ಮೆ. ಎಂತಾ ತಲೆ ಮಾರಾಯ್ರೆ ಇವನದ್ದು! ಇವನು ಹೇಳಿದ್ದು ಹತ್ತರಲ್ಲಿ ಏಳು ಆಗ್ತದೆ.”

ನಾನು ಬರೆದದ್ದೇ. ಹಿಂದಿನ ತಿಂಗಳ ಲೇಖನ. ಹೆದರಿಕೆಯಾಯಿತು. ನಿಜ ಹೇಳಬೇಕೆಂದರೆ, ಅದಕ್ಕೂ ಒಂದು ಕ್ಷಣ ಮೊದಲು ಖುಷಿಯಾಯಿತು. ನಾಲ್ಕು ವರ್ಷದಲ್ಲಿ ಮುಖಾಮುಖಿ ಸಿಕ್ಕ ಮೊದಲ ಓದುಗ ಅವನು. ಆ ಖುಷಿಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕಿತ್ತು.

“ನೀನು ಇದನ್ನೆಲ್ಲ ಯಾಕೆ ಓದ್ತೀ? ಮತ್ತೆ ಶುರು ಮಾಡಿದ್ಯಾ?” ಎಂದು ಗದರಿದೆ.

“ಛೇ ಛೇ, ನಾನು ಕಟ್ಟುವುದಿಲ್ಲಪ್ಪ, ಆಣೆ ಉಂಟಲ್ಲ. ನಾನು ಹೆಸರು ಹೇಳುವುದು ಮಾತ್ರ. ಕಟ್ಟುವುದು ಮಂಗಳೂರಿನಲ್ಲಿ ನನ್ನ ದೋಸ್ತಿ. ಗೆದ್ದರೆ ಅವನಾಗಿಯೇ ನನಗೂ ಸ್ವಲ್ಪ ಕೊಡ್ತಾನೆ. ನನ್ನ ಕೈ ಎಲ್ಲಿ ತಾಗಿತು ಹೇಳಿ?”

ದೈವಕ್ಕೇ ವಕೀಲಿಕೆ ಕಲಿಸುವವನು! ಬೈಯಬೇಕೆಂದು ಬಾಯಿ ತೆರೆದೆ. ಅವನು ಹೆಸರು ಹೇಳುವವನು ಮಾತ್ರ, ನಾನು ಬರೆಯುವವನು ಮಾತ್ರ. ಚಹಾ ಆರಿಹೋಗಿತ್ತು, ಹಾಗೇ ಬಿಟ್ಟು ಎದ್ದೆ.

ಅವನಿಗೆ ನಿಜ ಹೇಳಿದರೆ ಅದು ಅಕ್ಕನ ಕಿವಿಗೆ ಬೀಳುತ್ತದೆ. ಹೇಳದಿದ್ದರೆ ನನ್ನದೇ ಅಕ್ಷರ ಹಿಡಿದುಕೊಂಡು ಅವನು ಮತ್ತೆ ಗುಂಡಿಗೆ ಬೀಳುತ್ತಾನೆ. ಆ ದಿನ ಮನೆಯೊಳಗೆ ಸುಮ್ಮನೆ ಅತ್ತಿಂದಿತ್ತ ತಿರುಗಿದೆ. ಫ್ರಿಜ್ ತೆರೆದೆ, ಮುಚ್ಚಿದೆ. “ಎಂತ ನಿಮಗೆ, ಇರುವೆ ಹತ್ತಿದೆಯಾ?” ಎಂದು ಹೆಂಡತಿ ಕೇಳಿದಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಮುಂದಿನ ವಾರ ದೋಹಾದಲ್ಲೇ ನಡೆಯುವ ಟೂರ್ನಿಗೆ ಬೇಕೆಂದೇ ತಪ್ಪು ಬರೆಯುವುದು. ಅವನ ದೋಸ್ತಿ ದೊಡ್ಡ ಮೊತ್ತ ಕಳೆದುಕೊಳ್ಳಲಿ, ಇವನಿಗೆ ಚೆನ್ನಾಗಿ ಉಗಿಯಲಿ, ಅಲ್ಲಿಗೆ ಕತೆ ಮುಗಿಯಲಿ. ಲೇಖನ ನಂಬಿ ಕಟ್ಟುವ ಉಳಿದ ಜನರ ನೆನಪು ನನಗೆ ಬರಲೇ ಇಲ್ಲ. ಅವರಿಗೆ ಮುಖವಿರಲಿಲ್ಲ.

ಶನಿವಾರ ಬೆಳಿಗ್ಗೆ ಅಭ್ಯಾಸದ ಅಂಗಳಕ್ಕೆ ಹೋದೆ. ಮೊದಲ ಶ್ರೇಯಾಂಕದವನು ಬೆವರದೆ ಆಡುತ್ತಿದ್ದ. ಎರಡನೆಯವನ ಬ್ಯಾಕ್‌ಹ್ಯಾಂಡ್ ಕತ್ತಿಯ ಹಾಗಿತ್ತು. ಮೂಲೆಯ ಕೋರ್ಟಿನಲ್ಲಿ ಆರನೆಯ ಶ್ರೇಯಾಂಕದ ಒಬ್ಬ ಎಡಗೈಯವನು ಎಡ ಹಿಮ್ಮಡಿಗೆ ಪಟ್ಟಿ ಸುತ್ತಿಕೊಂಡು, ಬಲಕ್ಕೆ ಓಡಿದಾಗಲೆಲ್ಲ ಮುಖ ಹಿಂಡುತ್ತಿದ್ದ. ಅಪ್ಪನಾಗಿದ್ದರೆ ‘ಈ ಕೋಳಿಯನ್ನು ಬುಟ್ಟಿಯಿಂದಲೇ ಇಳಿಸಬೇಡಿ’ ಎನ್ನುತ್ತಿದ್ದರು. ನನಗೆ ಬೇಕಾದವನು ಸಿಕ್ಕಿದ. ಮನೆಗೆ ಬಂದು ಅವನನ್ನು ಹೊಗಳಿ ಬರೆದೆ: ಇಲ್ಲಿಯ ಗಾಳಿ ಎಡಗೈ ಸ್ಪಿನ್ನಿಗೆ ಹೇಳಿಮಾಡಿಸಿದ್ದು, ಅವನ ಕಾಲುಗಳಲ್ಲಿ ಹೊಸ ಚುರುಕು ಕಾಣುತ್ತಿದೆ, ಈ ವಾರದ ನನ್ನ ಒಂದೇ ಆಯ್ಕೆ ಅವನು. ಪಟ್ಟಿಯ ವಿಷಯ ಬರೆಯಲಿಲ್ಲ. ಅಷ್ಟು ಚೆಂದದ ಲೇಖನ ನಾನು ಬರೆದದ್ದೇ ಇಲ್ಲ. ಅದೂ ಸುಳ್ಳಿನದು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಎಡಗೈಯವನು ಮೊದಲ ಸುತ್ತು ದಾಟಿದ. ಎರಡನೆಯದರಲ್ಲಿ ಎದುರಾಳಿಯೇ ಹೊಟ್ಟೆನೋವೆಂದು ಅರ್ಧಕ್ಕೆ ಬಿಟ್ಟ. ನಾನು ಆಫೀಸಿನಲ್ಲಿ ಮೇಜಿನ ಕೆಳಗೆ ಸ್ಕೋರ್ ನೋಡುತ್ತಾ ‘ಸೋಲು ಮಾರಾಯ, ಸೋಲು’ ಎಂದು ಗೊಣಗುತ್ತಿದ್ದೆ. ಕಡತಗಳು ತಪ್ಪು ಕಪಾಟು ಸೇರಿದವು. ಮುಂದಿನ ಶನಿವಾರ ಸಂಜೆಯ ಫೈನಲ್ಲಿನಲ್ಲಿ ಅವನು ಗಾಳಿಯನ್ನೇ ಬಳಸಿಕೊಂಡು, ನಾನು ಬರೆದ ಹಾಗೆಯೇ ಆಡಿ ಕಪ್ ಎತ್ತಿದ.

ಮರುದಿನ ಭಾವಮೈದ ಅಕ್ಕನಿಗೆ ಒಂದು ಜೊತೆ ಚಿನ್ನದ ಬೆಂಡೋಲೆ ತಂದ. ಅವಳು ಡಬ್ಬಿ ತೆರೆದಳು, ಮುಚ್ಚಿದಳು, ಮೇಜಿನ ಮೇಲಿಟ್ಟಳು.

“ಎಲ್ಲಿಂದ ಬಂತು ಇದು?”

“ಓವರ್‌ಟೈಮ್ ಅಕ್ಕ.”

“ನನ್ನ ಮುಖ ನೋಡಿ ಹೇಳು.”

ಅವನು ದೋಸ್ತಿಯ ಕತೆಯನ್ನೆಲ್ಲ ಕಕ್ಕಿದ. ಕೈ ತಾಗಿಲ್ಲ ಎಂದು ಮತ್ತೆ ಮತ್ತೆ ಹೇಳಿದ, ಫೋನ್ ತೆಗೆದು ಲೇಖನವನ್ನೂ ತೋರಿಸಿದ. ಅವಳು ನಿಧಾನವಾಗಿ ಪೂರ್ತಿ ಓದಿದಳು.

“ಯಾವ ಬೇವರ್ಸಿ ಬರೆದದ್ದು ಇದನ್ನು? ಅವನ ಮನೆಯಲ್ಲಿ ಅಕ್ಕ ತಂಗಿ ಯಾರೂ ಇಲ್ಲವಾ?”

“ನಾನು” ಎಂದೆ. ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಭಾವಮೈದ ಬಾಯಿ ತೆರೆದು ನನ್ನನ್ನೇ ನೋಡಿದ. ಅವನ ಕಣ್ಣಿನಲ್ಲಿ ಭಕ್ತಿಯ ಒಂದು ಎಳೆ ಕಂಡಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಅವಳು ಕೂಗಾಡಲಿಲ್ಲ. ಅಡುಗೆಮನೆಯ ದೇವರ ಕಪಾಟಿನಲ್ಲಿ ದೀಪ ಹಚ್ಚಿ, ಮುಂದೆ ಒಂದು ತೆಂಗಿನಕಾಯಿ ಇಟ್ಟಳು. ತಮ್ಮನನ್ನು ಕರೆದಳು.

“ಈ ಸಲ ಕೈ ಅಂತ ಹೇಳಬೇಡ. ಕೈಯಿಂದಲೂ ಇಲ್ಲ, ಬಾಯಿಂದಲೂ ಇಲ್ಲ, ಮನಸ್ಸಿನಿಂದಲೂ ಇಲ್ಲ ಅಂತ ಹೇಳು.”

ಅವನು ಕಾಯಿ ಮುಟ್ಟಿ, ಅಳುತ್ತಾ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

“ಇನ್ನು ನೀವು” ಎಂದಳು.

ಕಾಯಿಯ ಮೇಲೆ ಕೈ ಇಟ್ಟೆ. ‘ಕೈಯಿಂದಲೂ ಇಲ್ಲ’ ಎಂದೆ. ಅದು ಸುಲಭ. ‘ಬಾಯಿಂದಲೂ ಇಲ್ಲ’ ಎನ್ನುವ ಹೊತ್ತಿಗೆ ಬೇರೆಯದೇ ನೆನಪಾಯಿತು. ಮುಂದಿನ ವಾರದ ಟೂರ್ನಿಯ ಡ್ರಾ ಅಂದು ಬೆಳಿಗ್ಗೆಯೇ ಬಂದಿತ್ತು. ಮೊದಲ ಶ್ರೇಯಾಂಕದವನಿಗೆ ಸುಲಭದ ದಾರಿ, ಆದರೆ ಎಂಟರ ಘಟ್ಟದಲ್ಲಿ ಅವನಿಗೆ ಒಬ್ಬ ಹುಡುಗ ಎದುರಾಗಬಹುದಿತ್ತು, ಅವನ ಕಾಲು ಬಹಳ ಚೆನ್ನಾಗಿತ್ತು. ದೀಪದ ಮುಂದೆ ನಿಂತು ನಾನು ಯೋಚಿಸುತ್ತಿದ್ದದ್ದು ಅದನ್ನು. ಇಷ್ಟು ವರ್ಷ ಈ ಹುಚ್ಚು ಹಿಡಿದವನು ಭಾವಮೈದ ಎಂದುಕೊಂಡಿದ್ದೆ.

ಅವಳು ಕಾದಳು. ಸಾಕಷ್ಟು ಕಾದಳು. ಆಮೇಲೆ ನನ್ನ ಕೈಯ ಅಡಿಯಿಂದ ಕಾಯಿಯನ್ನು ಎಳೆದುಕೊಂಡು, ಕತ್ತಿ ತೆಗೆದು ಒಂದೇ ಏಟಿಗೆ ಒಡೆದಳು.

“ಆಣೆಗಾಗದ ಕಾಯಿ ಚಟ್ನಿಗಾದರೂ ಆಗಲಿ” ಎಂದಳು.

ಆ ರಾತ್ರಿ ಊಟಕ್ಕೆ ಅದೇ ಚಟ್ನಿ ಬಡಿಸಿದಳು, ನನ್ನ ತಟ್ಟೆಗೆ ಮಾತ್ರ.